ಅಣ್ಣನ ಪಾಲು, ತಂಗಿಯ ಪಾಲು

ಪ್ರಶ್ನೆ: ಡಾಕ್ಟರೇ, ನಾವು ಕಾರವಾರದವರು. ಯಜಮಾನರು ನೌಕಾಪಡೆಯಲ್ಲಿರುವುದರಿಂದ ಈಗ ವಿಶಾಖಪಟ್ಟಣದಲ್ಲಿದ್ದೇವೆ. ಮಗನಿಗೆ 22 ತಿಂಗಳು, ಮಗಳು ಹುಟ್ಟಿ 18 ದಿನ. ಹುಟ್ಟಿದಾಗ 2.8 ಕೆ.ಜಿ. ಇದ್ದಳು, ಐದನೇ ದಿನ 2.6, ನಿನ್ನೆ 2.72. ಹೆರಿಗೆಯಲ್ಲಿ ರಕ್ತ ತುಂಬಾ ಹೋಗಿ ಎರಡು ಬಾಟಲಿ ರಕ್ತ ಹಾಕಿದರು. ಮಗ ಇನ್ನೂ ಎದೆಹಾಲು ಬಿಟ್ಟಿಲ್ಲ. ಪಾಪು ಬಂದ ಮೇಲಂತೂ ದಿನಕ್ಕೆ ಆರೇಳು ಸಲ ಕೇಳುತ್ತಾನೆ. ಅವನು ಹುಟ್ಟಿದಾಗಲೂ ನನಗೆ ಹಾಲು ಕಡಿಮೆಯೇ ಇತ್ತು. 'ದೊಡ್ಡವನೇ ಎಲ್ಲಾ ಕುಡಿದುಬಿಡ್ತಾನೆ, ಬೇವು ಅರೆದು ಹಚ್ಚಿ ಬಿಡಿಸು' ಅಂತಾರೆ ಅತ್ತೆ. ಪಕ್ಕದ ಮನೆಯವರು ಹಾಲು ಹೆಚ್ಚಲಿ ಅಂತ ಪಾಲಸೊರ ಮೀನಿನ ಪುಟ್ಟು ಮಾಡಿ ತಂದುಕೊಡ್ತಾರೆ. ಇಬ್ಬರಿಗೂ ಹಾಲು ಕೊಡಬಹುದಾ? ಯಾರಿಗೋ ಅನ್ಯಾಯ ಮಾಡ್ತಿದ್ದೀನಿ ಅನ್ನಿಸಿ ಅಳು ಬರುತ್ತೆ.
– ಹೆಸರು ಬೇಡ, ವಿಶಾಖಪಟ್ಟಣ

ಉತ್ತರ: ಇಬ್ಬರಿಗೂ ಕೊಡಬಹುದು. ಆದರೆ ಅದಕ್ಕೂ ಮುಂಚೆ ಮಗಳ ತೂಕದ ಮಾತು. ಮೊದಲ ದಿನಗಳಲ್ಲಿ ಕೂಸುಗಳು ಸ್ವಲ್ಪ ಇಳಿಯುವುದು ಸಹಜ. ನಿಮ್ಮ ಮಗಳು ಇಳಿದ 200 ಗ್ರಾಂ, ಅಂದರೆ ಶೇ 7ರಷ್ಟು, ಹೆದರುವಂಥದ್ದಲ್ಲ. ಆಮೇಲೆ ದಿನಕ್ಕೆ 25–30 ಗ್ರಾಂ ಏರುತ್ತಾ ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಬರಬೇಕಿತ್ತು. 13 ದಿನದಲ್ಲಿ 120 ಗ್ರಾಂ ಎಂದರೆ ದಿನಕ್ಕೆ ಒಂಬತ್ತೇ ಗ್ರಾಂ ಆಯಿತು. ಹಾಲು ಸಾಲದು ಎಂದು ಬರೆಯುವ ಎಷ್ಟೋ ತಾಯಂದಿರಿಗೆ 'ಸಾಲುತ್ತಿದೆ, ಧೈರ್ಯವಾಗಿರಿ' ಎನ್ನುತ್ತೇನೆ. ನಿಮಗೆ ಹಾಗೆ ಹೇಳಲಾರೆ. ಈ ಅಂಕಣ ನಿಮ್ಮ ಕೈ ಸೇರುವವರೆಗೆ ಕಾಯುವುದು ಬೇಡವೆಂದು ನಿಮ್ಮ ವಿಳಾಸಕ್ಕೆ ಆಗಲೇ ಬರೆದಿದ್ದೇನೆ: ಇವತ್ತೇ ಮಕ್ಕಳ ವೈದ್ಯರಿಗೆ ತೋರಿಸಿ. ನಿಮಗೆ ನೌಕಾಪಡೆಯ ಕಲ್ಯಾಣಿ ಆಸ್ಪತ್ರೆ ಇದೆ. ಉಳಿದವರಿಗೆ ಊರವರು ಘೋಷಾ ಆಸ್ಪತ್ರೆ ಎನ್ನುವ ವಿಕ್ಟೋರಿಯಾ ಆಸ್ಪತ್ರೆ, ಕಿಂಗ್ ಜಾರ್ಜ್ ಆಸ್ಪತ್ರೆ ಇವೆ. ಕೂಸು ಎಬ್ಬಿಸಿದರೂ ಕುಡಿಯದಿದ್ದರೆ, ದಿನಕ್ಕೆ ಆರು ಸಲಕ್ಕಿಂತ ಕಡಿಮೆ ಒದ್ದೆ ಮಾಡಿದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಅಂಗಾಲಿನವರೆಗೂ ಹಳದಿ ಇಳಿದರೆ, ರಾತ್ರಿಯಾದರೂ ಸರಿ, ಹೊರಡಿ.

ಈಗ ಮಗನ ವಿಷಯ. ಅವನು ಕದಿಯುತ್ತಿಲ್ಲ. ಎದೆ ತುಂಬಿಟ್ಟ ಕೊಡವಲ್ಲ. ಬರಿದಾದಷ್ಟೂ ಮತ್ತೆ ಊರುವ ಒರತೆ. ದೊಡ್ಡ ಮಗುವಿನ ಬಲವಾದ ಚೀಪು ಆ ಒರತೆಯನ್ನು ಕೆದಕುತ್ತದೆ ಕೂಡ. ತಪ್ಪುವುದು ಸರದಿಯಲ್ಲಿ. 18 ದಿನದ ಕೂಸಿಗೆ ಬೇರೆ ಊಟವಿಲ್ಲ, 22 ತಿಂಗಳ ಹುಡುಗನಿಗೆ ಮನೆಯ ಊಟವೆಲ್ಲ ಇದೆ. ಆದ್ದರಿಂದ ಪ್ರತಿ ಸಲವೂ ಮಗಳು ಮೊದಲು, ಎರಡೂ ಕಡೆ. ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ. ಅವಳು ಬಿಟ್ಟ ಮೇಲೆ ಕೈಯಿಂದ ಹಿಂಡಿ ತೆಗೆದ ಹಾಲನ್ನು ಒಳಲೆಯಲ್ಲಿ ಅವಳಿಗೇ ಕುಡಿಸಿ. ಬಾಟಲಿ ಬೇಡ. ಒಳಲೆ ಊರಿನಲ್ಲೇ ಉಳಿದಿದ್ದರೆ ವಿಶಾಖಪಟ್ಟಣದ ಅಂಗಡಿಯಲ್ಲಿ 'ಉಗ್ಗು ಗಿನ್ನೆ' ಎಂದು ಕೇಳಿ, ಕೊಡುತ್ತಾರೆ. ಇಷ್ಟಾದ ಮೇಲೆ ಮಗನಿಗೆ ದಿನಕ್ಕೆ ಎರಡು ಸಲ, ಕೆಲವು ನಿಮಿಷ. ಅವನಿಗೆ ಅದು ಹಸಿವಿಗಲ್ಲ, ಮಡಿಲಿಗೆ.

ಇಷ್ಟೆಲ್ಲ ಮಾಡಿದರೂ ತೂಕ ಏರದಿದ್ದರೆ ವೈದ್ಯರು ಹೇಳಿದಷ್ಟು ಪುಡಿಹಾಲು ಕೊಡಲೇಬೇಕು. ಅದನ್ನು ಸೋಲು ಎಂದುಕೊಳ್ಳಬೇಡಿ. ನೀರು ಬೆರೆಸಿದ ಹಸುವಿನ ಹಾಲು, ಜೇನು, ಬಜೆ ತೇಯ್ದ ನೀರು ಮಾತ್ರ ಬೇಡ.

ನನ್ನನ್ನು ಹೆಚ್ಚು ಕಾಡಿದ್ದು ಆ ಎರಡು ಬಾಟಲಿ ರಕ್ತ. ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹುಟ್ಟುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ. ಹೆರಿಗೆಯಲ್ಲಿ ತೀರಾ ರಕ್ತ ಹೋದರೆ ಅಪರೂಪಕ್ಕೆ ಆ ಗ್ರಂಥಿಗೇ ಪೆಟ್ಟು ಬೀಳುತ್ತದೆ. ಇದಕ್ಕೆ ಶೀಹನ್ ಸಿಂಡ್ರೋಮ್ ಎಂದು ಹೆಸರು. ಗರ್ಭಕೋಶದಲ್ಲಿ ಮಾಸಿನ ಚೂರು ಉಳಿದರೂ, ರಕ್ತಹೀನತೆ, ಥೈರಾಯ್ಡ್ ಕೊರತೆ ಇದ್ದರೂ ಹಾಲು ಹಿಂಜರಿಯುತ್ತದೆ. ಮೊದಲ ಸಲವೂ ಕಡಿಮೆಯಿತ್ತು ಎನ್ನುತ್ತೀರಿ. ಹಾಗಾದರೆ ಥೈರಾಯ್ಡ್ ಅಥವಾ ಪಿಸಿಓಎಸ್ ಮೊದಲಿಂದಲೂ ಇದ್ದಿರಬಹುದು, ಕೆಲವರಲ್ಲಿ ಹಾಲಿನ ಗ್ರಂಥಿಗಳೇ ಕಡಿಮೆ. ಹೆರಿಗೆ ಮಾಡಿಸಿದ ವೈದ್ಯರಿಗೆ ಎರಡೂ ಬಾಣಂತನದ ಕಥೆ ಬಿಡದೆ ಹೇಳಿ, ಪರೀಕ್ಷೆ ಮಾಡಿಸಿಕೊಳ್ಳಿ. ಕಾರಣ ಇಲ್ಲೆಲ್ಲೋ ಇರುವಾಗ ಎರಡು ವರ್ಷವೂ ತುಂಬದ ಹುಡುಗನ ಮೇಲೆ ತಪ್ಪು ಹೊರಿಸುವುದು ನನಗೆ ಸಹಿಸದು. ಹಾಲು ಹೆಚ್ಚಿಸುವ ಮಾತ್ರೆಯನ್ನು ಔಷಧಿ ಅಂಗಡಿಯಲ್ಲಿ ಕೇಳಿ ನುಂಗಬೇಡಿ. ಅದಕ್ಕೆಂದು ಕೊಡುವ ಡೊಂಪೆರಿಡೋನ್ ಕೆಲವರ ಹೃದಯದ ಬಡಿತ ಕೆಡಿಸುತ್ತದೆ.

ಬೇವಿನ ಮಾತು ಕೈಬಿಡಿ. ಮಡಿಲಿನ ಜಾಗ ತಂಗಿಗೆ ಹೋದ ಹೊತ್ತಿನಲ್ಲೇ ಅವನ ಬಾಯಿ ಕಹಿ ಮಾಡುವುದು ಬೇಡ. ಆ ಕಹಿ ಮಗಳ ಬಾಯಿಗೂ ಹೋಗುತ್ತದೆ. ಅವನು ಕೇಳುವ ಹೊತ್ತಿಗೆ ಸರಿಯಾಗಿ ಅಪ್ಪ ಹೊರಗೆ ಕರೆದೊಯ್ಯಲಿ, ಅಜ್ಜಿ ರಾಗಿ ಅಂಬಲಿಯೋ ಮೊಟ್ಟೆಯೋ ತಿನ್ನಿಸಲಿ. ತಾನಾಗಿ ಬಂದಾಗ 'ತಂಗಿದಾದ ಮೇಲೆ ನಿಂದು' ಎಂದು ಹೇಳಿ, ಹೇಳಿದಂತೆ ಕೊಡಿ. ತೆಲುಗಿನಲ್ಲಿ ಪಾಲು ಎಂದರೆ ಹಾಲೂ ಹೌದು, ಹಂಚಿಕೆಯೂ ಹೌದು. ಅವನಿಗೆ ಬೇಕಿರುವುದು ಬಹುಮಟ್ಟಿಗೆ ಎರಡನೆಯದು.

ನಿಮ್ಮ ಊಟ: ಹಾಲೂಡಿಸುವ ಮೊದಲ ಆರು ತಿಂಗಳು ತಾಯಿಗೆ ದಿನಕ್ಕೆ 600 ಕ್ಯಾಲೊರಿಯಷ್ಟು ಹೆಚ್ಚು ಬೇಕೆನ್ನುತ್ತದೆ ಐಸಿಎಂಆರ್. ಬಾಣಂತಿಗೆ ನೀರು ಕಡಿಮೆ, ಸಾರನ್ನ ಮಾತ್ರ ಎಂಬ ಪಥ್ಯ ಬೇಡ. ಕಬ್ಬಿಣದ ಮಾತ್ರೆ 180 ದಿನ ತಪ್ಪಿಸಬೇಡಿ. ಪಾಲಸೊರ ಹಾಲು ಹೆಚ್ಚಿಸುತ್ತದೆ ಎಂಬುದು ಕರಾವಳಿಯ ಹಳೆಯ ನಂಬಿಕೆ, ಆ ಮೀನಿಗೆ ಹೆಸರು ಬಂದದ್ದೂ ಅದರಿಂದಲೇ. ಆದರೆ ಸೊರ, ಅಂದರೆ ಶಾರ್ಕ್ ಜಾತಿಯ ಮೀನಿನಲ್ಲಿ ಪಾದರಸ ಸೇರಿರುತ್ತದೆ. ನೆರೆಯವರ ಪ್ರೀತಿಗೆ ಕೈಮುಗಿದು, ತಾರ್ಲೆ ಕೇಳಿ. ಅವರು ಅದನ್ನು ಕವಳ್ಳು ಅನ್ನುತ್ತಾರೆ.

ಪ್ರಶ್ನೆ: ನಾನು ವಿಜಯವಾಡದಲ್ಲಿರುವ ರಾಯಚೂರಿನವಳು. ಮಗುವಿಗೆ ಮೂರು ತಿಂಗಳು, ದೊಡ್ಡವಳಿಗೆ ಎರಡೂವರೆ ವರ್ಷ, ಇಬ್ಬರೂ ಎದೆಹಾಲು ಕುಡಿಯುತ್ತಾರೆ. ಮೇ ತಿಂಗಳ ಸೆಕೆಗೆ ನನ್ನ ಗಂಟಲೇ ಒಣಗುತ್ತದೆ. ಚಿಕ್ಕದಕ್ಕೆ ಎರಡು ಚಮಚ ನೀರು ಹಾಕಲೇ?

ಉತ್ತರ: ಬೇಡ. ಎದೆಹಾಲಿನಲ್ಲಿ ನೂರಕ್ಕೆ 88ರಷ್ಟು ನೀರೇ ಇದೆ. ವಿಜಯವಾಡದ ಬೇಸಿಗೆಗೂ ಆರು ತಿಂಗಳವರೆಗೆ ಅದೇ ಸಾಕು. ನೀರು ಹೊಟ್ಟೆ ತುಂಬಿಸಿದರೆ ಮಗು ಕಡಿಮೆ ಚೀಪುತ್ತದೆ, ಹಾಲೂ ಇಳಿಯುತ್ತದೆ. ಸೆಕೆ ಹೆಚ್ಚಿದ ದಿನ ಇನ್ನೆರಡು ಸಲ ಎದೆಗೆ ಹಾಕಿಕೊಳ್ಳಿ. ದೊಡ್ಡವಳಿಗೆ ನೀರು, ಮಜ್ಜಿಗೆ ಧಾರಾಳವಾಗಿ ಕೊಡಿ. ನಿಮ್ಮ ಮಗ್ಗುಲಲ್ಲೂ ಒಂದು ತಂಬಿಗೆ ನೀರು ಇರಲಿ, ಮಗು ಕುಡಿಯುವಾಗಲೆಲ್ಲ ನೀವೂ ಕುಡಿಯಿರಿ.