ಲೇಖಕರೊಳಗೆ ಪುಸ್ತಕ, ಪುಸ್ತಕದೊಳಗೆ ಲೇಖಕರು

ಪ್ರಶ್ನೆ: ಸ್ಪ್ರಿಂಗ್ ಬೂಟ್‌ನಲ್ಲಿ ಗ್ರಂಥಾಲಯದ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಲೇಖಕರ ಪಟ್ಟಿ ಕೇಳಿದರೆ ಬ್ರೌಸರಿನ ತುಂಬ ಒಂದೇ ಹೆಸರು ಮತ್ತೆ ಮತ್ತೆ ಬಂದು, ಸರ್ವರಿನಲ್ಲಿ ಸ್ಟ್ಯಾಕ್ ಓವರ್‌ಫ್ಲೋ ಎರರ್ ಬೀಳುತ್ತದೆ. ಟೇಬಲ್ಲಿನಲ್ಲಿ ಇರುವುದು ಮೂರೇ ಸಾಲು. ತಪ್ಪು ಎಲ್ಲಿದೆ?

ಉತ್ತರ: ಟೇಬಲ್ ಸರಿಯಾಗಿಯೇ ಇದೆ. ನಿಮ್ಮ ಲೇಖಕ ಕ್ಲಾಸಿನಲ್ಲಿ ಪುಸ್ತಕಗಳ ಪಟ್ಟಿ ಇದೆ, ಪುಸ್ತಕ ಕ್ಲಾಸಿನಲ್ಲಿ ಮತ್ತೆ ಲೇಖಕ ಇದ್ದಾನೆ. ಮೆಮೊರಿಯಲ್ಲಿ ಇದರಿಂದ ತೊಂದರೆಯಿಲ್ಲ. ಒಂದು ಇನ್ನೊಂದರ ವಿಳಾಸ ಇಟ್ಟುಕೊಂಡಿರುತ್ತದೆ, ಅಷ್ಟೆ. ಬ್ರೌಸರಿಗೆ ಹೋಗುವ ಜೇಸನ್ನಿಗೆ ಆ ಸೌಕರ್ಯವಿಲ್ಲ. ಆಬ್ಜೆಕ್ಟ್, ಅರೇ, ಸ್ಟ್ರಿಂಗ್, ಸಂಖ್ಯೆ, ಟ್ರೂ, ಫಾಲ್ಸ್, ನಲ್ ಬಿಟ್ಟರೆ ಅಲ್ಲಿ ಬೇರೇನೂ ಇಲ್ಲ. ‘ಮೇಲೆ ಬರೆದೆನಲ್ಲ, ಅದೇ ಲೇಖಕ’ ಎನ್ನಲು ದಾರಿಯಿಲ್ಲದೆ, ಜೇಸನ್ ಬರೆದುಕೊಡುವ ಜಾಕ್ಸನ್ ಲೈಬ್ರರಿ ಎಲ್ಲವನ್ನೂ ಬಿಡಿಸಿ ಬರೆಯುತ್ತ ಹೋಗುತ್ತದೆ:

{"ಹೆಸರು":"ತೇಜಸ್ವಿ","ಪುಸ್ತಕಗಳು":[{"ಶೀರ್ಷಿಕೆ":"ಕರ್ವಾಲೊ","ಲೇಖಕ":{"ಹೆಸರು":"ತೇಜಸ್ವಿ","ಪುಸ್ತಕಗಳು":[{"ಶೀರ್ಷಿಕೆ":"ಕರ್ವಾಲೊ"...

ಜಾಕ್ಸನ್ 2.16ರಿಂದ ಈಚೆಗೆ ಒಂದರೊಳಗೊಂದು 1000 ಹಂತ ದಾಟಿದರೆ ಅದೇ ನಿಲ್ಲಿಸಿ ಎರರ್ ಕೊಡುತ್ತದೆ. ಜಾವಾಸ್ಕ್ರಿಪ್ಟ್ ಮತ್ತು ಪೈಥಾನ್ ಅಷ್ಟು ದೂರ ಹೋಗುವುದೇ ಇಲ್ಲ, ಸುತ್ತು ಕಂಡ ಕೂಡಲೇ ಕೈಬಿಡುತ್ತವೆ.

ಎಲ್ಲರೂ ಮೊದಲು ಹೇಳುವ ಮದ್ದು ಎಂದರೆ ಪುಸ್ತಕಗಳ ಪಟ್ಟಿಯ ಮೇಲೆ ಜೇಸನ್‌ಮ್ಯಾನೇಜ್ಡ್‌ರೆಫರೆನ್ಸ್, ಪುಸ್ತಕದಲ್ಲಿರುವ ಲೇಖಕನ ಮೇಲೆ ಜೇಸನ್‌ಬ್ಯಾಕ್‌ರೆಫರೆನ್ಸ್ ಎಂಬ ಆನೊಟೇಶನ್. ಸುತ್ತು ನಿಲ್ಲುತ್ತದೆ, ನಿಜ. ಆದರೆ ಇನ್ನೊಂದು ಪುಟಕ್ಕಾಗಿ ಪುಸ್ತಕವನ್ನೇ ಕೇಳಿ ನೋಡಿ, ಲೇಖಕರ ಹೆಸರು ಬರುವುದಿಲ್ಲ. ಕರ್ವಾಲೊ ಬರೆದವರು ಯಾರೆಂದು ಹೇಳಲಾರದ ಗ್ರಂಥಾಲಯ! ಜೇಸನ್‌ಐಡೆಂಟಿಟಿಇನ್ಫೊ ಹಾಕಿದರೆ ಮೊದಲ ಸಲ ಲೇಖಕರ ಪೂರ್ತಿ ವಿವರ, ಮುಂದೆ ಬರೀ ಐಡಿ ಬರುತ್ತದೆ. ಒಂದೇ ಫೀಲ್ಡ್ ಒಮ್ಮೆ ಆಬ್ಜೆಕ್ಟ್, ಒಮ್ಮೆ ಸಂಖ್ಯೆ. ಫ್ರಂಟ್‌ಎಂಡ್ ಬರೆಯುವವರು ನಿಮ್ಮನ್ನು ಬೈದುಕೊಳ್ಳುತ್ತಾರೆ.

ನನ್ನ ಮಟ್ಟಿಗೆ ಎಂಟಿಟಿಯನ್ನು ನೇರವಾಗಿ ಹೊರಗೆ ಕಳಿಸುವುದೇ ಮೂಲ ತಪ್ಪು. ಲೇಖಕರ ಪುಟಕ್ಕೆ ಹೆಸರು ಮತ್ತು ಶೀರ್ಷಿಕೆಗಳು ಸಾಕು, ಪುಸ್ತಕದ ಪುಟಕ್ಕೆ ಶೀರ್ಷಿಕೆ ಮತ್ತು ಲೇಖಕರ ಹೆಸರು ಸಾಕು. ಎರಡಕ್ಕೂ ಬೇರೆ ಬೇರೆ ಡಿಟಿಒ, ಅಂದರೆ ಹೊರಗೆ ಕಳಿಸಲೆಂದೇ ಇರುವ ಪುಟ್ಟ ಕ್ಲಾಸ್, ಮಾಡಿ. ಜಾವಾ 16ರಿಂದ ರೆಕಾರ್ಡ್ ಇರುವುದರಿಂದ ಒಂದೊಂದಕ್ಕೂ ಒಂದೇ ಸಾಲು. ಪಾಸ್‌ವರ್ಡ್‌ನಂಥ ಫೀಲ್ಡ್ ಮರೆತು ಹೊರಬೀಳುವ ಭಯವೂ ತಪ್ಪುತ್ತದೆ. ನಾಳೆಯೇ ಡೆಮೊ ಇದ್ದರೆ ಮಾತ್ರ ಆನೊಟೇಶನ್ನಿನಲ್ಲಿ ದಾಟಿಸಿ.

ಅಂದಹಾಗೆ, ಎಂಟಿಟಿಗೆ ಲಾಂಬಾಕ್‌ನ ಡೇಟಾ ಆನೊಟೇಶನ್ ಹಾಕಿದ್ದರೆ ತೆಗೆಯಿರಿ. ಅದು ತಾನಾಗಿ ಬರೆಯುವ ಟು-ಸ್ಟ್ರಿಂಗ್ ಮೆಥಡ್ ಕೂಡ ಇದೇ ಸುತ್ತಿಗೆ ಬೀಳುತ್ತದೆ, ಜೇಸನ್ ಸರಿಹೋದ ಮೇಲೂ ಲಾಗ್ ಬರೆಯುವಾಗ ಅದೇ ಎರರ್ ಬರುತ್ತದೆ.