ಸಮುದ್ರತಳದ ಖನಿಜಸಂಪತ್ತು ಮತ್ತು ಜನಾಭಿಪ್ರಾಯ

ನಮ್ಮ ಹಿರಿಯರು ಭೂಮಿಯನ್ನು ‘ರತ್ನಗರ್ಭೆ’ಯೆಂದೂ ಸಮುದ್ರವನ್ನು ‘ರತ್ನಾಕರ’ನೆಂದೂ ಕರೆದರು. ಮೊದಲನೆಯದನ್ನು ಮಾನವನು ಬಹುಕಾಲದಿಂದ ಅಗೆಯುತ್ತ ಬಂದಿದ್ದಾನೆ; ಎರಡನೆಯದರ ಮೇಲೆ ಈಗ ಅವನ ದೃಷ್ಟಿ ಬಿದ್ದಿದೆ. ಈ ವಿಷಯದಲ್ಲಿ ಜನತೆಯ ಅಭಿಪ್ರಾಯವು ಯಾವುದನ್ನು ಆಧರಿಸಿರಬೇಕೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಸಮುದ್ರದ ನಾಲ್ಕೈದು ಸಾವಿರ ಮೀಟರು ಆಳದಲ್ಲಿ ಬಟಾಟೆಯ ಗಾತ್ರದ ಕಪ್ಪು ಗಂಟುಗಳು ಹರಡಿಕೊಂಡಿವೆ. ಮ್ಯಾಂಗನೀಸು, ನಿಕ್ಕಲ್, ತಾಮ್ರ, ಕೋಬಾಲ್ಟುಗಳು ಅವುಗಳಲ್ಲಿ ಅಡಗಿವೆ. ಇಂಥ ಗಂಟು ಕೆಲವೇ ಮಿಲಿಮೀಟರು ಬೆಳೆಯಲು ಹತ್ತು ಲಕ್ಷ ವರ್ಷ ಹಿಡಿಯುತ್ತದೆ. 1981ರ ಜನವರಿ 26ರಂದು ‘ಗವೇಷಣಿ’ ನೌಕೆಯು ಭಾರತದ ಪರವಾಗಿ ಇವನ್ನು ಮೊದಲು ಮೇಲೆತ್ತಿತು. 2002ರಲ್ಲಿ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದೊಡನೆ ಆದ ಒಪ್ಪಂದದಿಂದ ಹಿಂದೂ ಮಹಾಸಾಗರದ 75,000 ಚದರ ಕಿಲೋಮೀಟರಿನಲ್ಲಿ ಶೋಧನೆಯ ಹಕ್ಕು ನಮಗೆ ದೊರೆಯಿತು. 2021ರಲ್ಲಿ ಕೇಂದ್ರ ಸರಕಾರವು ಆಳಸಾಗರ ಯೋಜನೆಗೆ 4,077 ಕೋಟಿ ರೂಪಾಯಿಗಳ ಮಂಜೂರಾತಿ ನೀಡಿತು.

ಇಷ್ಟೊಂದು ವೆಚ್ಚ ಏತಕ್ಕೆ? ಗಜೇಂದ್ರಗಡದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಕ್ಕೆ ತಾಮ್ರ ಬೇಕು. ನಮ್ಮ ಕಿಸೆಯ ಮೊಬೈಲಿನ ಬ್ಯಾಟರಿಗೆ ಕೋಬಾಲ್ಟು ಬೇಕು. 2023ರಲ್ಲಿ ಕೇಂದ್ರವು 30 ಖನಿಜಗಳನ್ನು ದೇಶಕ್ಕೆ ಅತ್ಯಗತ್ಯವೆಂದು ಹೆಸರಿಸಿತು. ಕೋಬಾಲ್ಟಿನಂಥವಕ್ಕೆ ನಾವು ಪರದೇಶಗಳ ಬಾಗಿಲಲ್ಲಿ ನಿಲ್ಲಬೇಕಾಗಿದೆ. ಆದುದರಿಂದ ಗಣಿಯೇ ಬೇಡವೆಂಬ ವಾದವನ್ನು ನಾನು ಒಪ್ಪಲಾರೆ.

ಆದರೆ ಗಣಿಗೆ ತೆರಬೇಕಾದ ಬೆಲೆಯೇನೆಂಬುದನ್ನು ನಮ್ಮ ಗದಗ ಜಿಲ್ಲೆ ಬಲ್ಲದು. 2015ರಲ್ಲಿ ಕಪ್ಪತಗುಡ್ಡವು ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. 2016ರಲ್ಲಿ ಆ ಘೋಷಣೆ ರದ್ದಾಯಿತು. ಗಣಿಗಾರಿಕೆಗೆ ದಾರಿಯಾದೀತೆಂದು ಜನರು ಕಳವಳಗೊಂಡರು. 2017ರ ಫೆಬ್ರುವರಿಯಲ್ಲಿ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತನದಲ್ಲಿ ಗದುಗಿನಲ್ಲಿ ಅಹೋರಾತ್ರಿ ಧರಣಿ ನಡೆಯಿತು. ಏಪ್ರಿಲ್‌ನಲ್ಲಿ ರಕ್ಷಣೆ ಮರಳಿ ಬಂದಿತು. 2019ರಲ್ಲಿ ಗುಡ್ಡವು ವನ್ಯಜೀವಿಧಾಮವಾಯಿತು. ಗುಡ್ಡದ ಬುಡದಲ್ಲಿ ಊರುಗಳಿದ್ದವು, ಅದರ ಗಿಡಮೂಲಿಕೆಗಳನ್ನು ಬಲ್ಲವರಿದ್ದರು. ಅಂತೆಯೇ ಅದರ ಪರವಾಗಿ ದನಿಯೆದ್ದಿತು.

ಸಮುದ್ರತಳದಲ್ಲಿ ಯಾರ ಊರಿದೆ? ಅಲ್ಲಿನ ಜೀವಿಗಳ ಪರವಾಗಿ ಧರಣಿ ಕೂಡ್ರುವವರಾರು? 1989ರಲ್ಲಿ ಜರ್ಮನ್ ವಿಜ್ಞಾನಿಗಳು ಪೆರು ದೇಶದಾಚೆಯ ಸಾಗರತಳವನ್ನು ಪರೀಕ್ಷಾರ್ಥವಾಗಿ ಉತ್ತರು. 2015ರಲ್ಲಿ ಮರಳಿ ನೋಡಿದಾಗ ಆ ಸಾಲುಗಳು ಇನ್ನೂ ಉಳಿದಿದ್ದವು. ನಮ್ಮ ಬೆಳವಣಕಿಯ ಎರೆಹೊಲದಲ್ಲಿ ರಂಟೆಯ ಗೆರೆ ಒಂದೇ ಮಳೆಗಾಲಕ್ಕೆ ಅಳಿಯುತ್ತದೆ. ಅಲ್ಲಿ 26 ವರ್ಷವಾದರೂ ಅಳಿಯಲಿಲ್ಲ.

ಗುಡ್ಡವನ್ನು ಕಣ್ಣು ಕಾಯಿತು. ಕಣ್ಣಿಗೆ ಕಾಣದ ಕಡಲತಳವನ್ನು ಅರಿವೇ ಕಾಯಬೇಕು. ಶೋಧನೆಯ ಫಲಿತಾಂಶಗಳು ಕನ್ನಡದಲ್ಲಿಯೂ ಜನರ ಮುಂದೆ ಬರಲಿ. ಕೆಟ್ಟ ಯಂತ್ರಗಳಲ್ಲಿರುವ ಲೋಹವನ್ನು ಮೊದಲು ಮರಳಿ ಪಡೆಯುವಂತಾಗಲಿ. ಆಮೇಲೆ ಬೇಕು-ಬೇಡಗಳ ನಿರ್ಣಯವಾಗಲಿ. ತಿಳಿಯದೆ ಹೇಳಿದ ‘ಹೌದು’ ಹೇಗೆ ಅಪಾಯಕರವೋ, ತಿಳಿಯದೆ ಹೇಳಿದ ‘ಅಲ್ಲ’ವೂ ಹಾಗೆಯೇ. ಕಲಿತವರಾದ ನಮ್ಮ ಹೊಣೆ ಇಲ್ಲಿಂದಲೇ ಪ್ರಾರಂಭವಾಗುತ್ತದೆ.