ಕಂಕನಾಡಿಯ ಆಲದ ನೆರಳು

ಆಸ್ಪತ್ರೆ ಎಂದರೇನು ಎಂದು ಯಾರಾದರೂ ಕೇಳಿದರೆ, ರೋಗವನ್ನು ಗುಣಪಡಿಸುವ ಸ್ಥಳವೆಂದು ನಾವು ಒಡನೆಯೇ ಉತ್ತರಿಸುತ್ತೇವೆ. ಈ ಉತ್ತರ ಸರಿಯಾದುದೇ, ಆದರೆ ಪೂರ್ಣವಾದುದಲ್ಲ. ಗುಣಪಡಿಸಬಲ್ಲ ಮದ್ದು ಲೋಕದಲ್ಲೆಲ್ಲಿಯೂ ದೊರೆಯದ ರೋಗಗಳು ಒಂದು ಕಾಲದಲ್ಲಿ ಅನೇಕವಿದ್ದುವು. ಅಂತಹ ರೋಗಕ್ಕೆ ತುತ್ತಾದವನಿಗೆ ಆಸ್ಪತ್ರೆಯು ಏನನ್ನು ಕೊಡಬಲ್ಲುದು? ವಾಸಿಯಾಗಲಾರದವನಿಗೆ ಬಾಗಿಲು ತೆರೆದು ಆಗುವ ಪ್ರಯೋಜನವೇನು? ಈ ಪ್ರಶ್ನೆಗೆ ತನ್ನ ಕಾರ್ಯದಿಂದಲೇ ಉತ್ತರವಿತ್ತ ಸಂಸ್ಥೆಯೊಂದು ನಮ್ಮ ಕರಾವಳಿಯಲ್ಲಿದೆ. ಅದು ಮಂಗಳೂರಿನ ಕಂಕನಾಡಿಯಲ್ಲಿರುವ ಫಾದರ್ ಮುಲ್ಲರ್ ಆಸ್ಪತ್ರೆ.

ನಮ್ಮ ಹಿರಿಯರು ದಾನಗಳಲ್ಲಿ ನಾಲ್ಕನ್ನು ಶ್ರೇಷ್ಠವೆಂದು ಎಣಿಸಿದರು. ಅನ್ನದಾನ, ಔಷಧದಾನ, ವಿದ್ಯಾದಾನ, ಅಭಯದಾನ ಇವೇ ಆ ನಾಲ್ಕು. ಜೈನ ಪರಂಪರೆಯಲ್ಲಿ ಇವುಗಳಿಗೆ ವಿಶೇಷವಾದ ಸ್ಥಾನವಿದೆ. ದಕ್ಷಿಣ ಕನ್ನಡದ ಧರ್ಮಸ್ಥಳವು ಈ ಚತುರ್ವಿಧ ದಾನಗಳಿಗೆ ಹೆಸರಾದ ಕ್ಷೇತ್ರ. ಇವುಗಳಲ್ಲಿ ಔಷಧವೂ ಅಭಯವೂ ಬೇರೆಬೇರೆಯೆಂದು ನಮಗೆ ತೋರಬಹುದು. ಆದರೆ ಹಾಸಿಗೆ ಹಿಡಿದವನಿಗೆ ಅವೆರಡೂ ಜೊತೆಯಾಗಿಯೇ ಬೇಕು. ಔಷಧವೇ ಇಲ್ಲದ ಕಾಲದಲ್ಲಂತೂ ಅಭಯವೊಂದೇ ಅವನಿಗೆ ಉಳಿಯುವ ಆಸರೆ. ಕಂಕನಾಡಿಯ ಕಥೆಯನ್ನು ಓದುವಾಗ ಈ ಮಾತನ್ನು ನಾವು ನೆನಪಿನಲ್ಲಿಡಬೇಕು.

ಆಗಸ್ಟಸ್ ಮುಲ್ಲರ್ ಅವರು 1841ರಲ್ಲಿ ಜರ್ಮನಿಯ ವೆಸ್ಟ್‌ಫೇಲಿಯಾ ಪ್ರಾಂತದಲ್ಲಿ ಜನಿಸಿದರು. ಕಥೋಲಿಕ ಕ್ರೈಸ್ತರ ಜೆಸ್ವಿಟ್ ಸಂಘವನ್ನು ಸೇರಿ ಧರ್ಮಗುರುವಾದರು. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ ಜೆಸ್ವಿಟ್ ಗುರುಗಳ ತಂಡದಲ್ಲಿ ಅವರೂ ಒಬ್ಬರಾಗಿದ್ದರು. ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ ಜಿಲ್ಲೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಸಹ್ಯಾದ್ರಿಯ ಘಟ್ಟಗಳು. ರೈಲುಮಾರ್ಗವು ಮಂಗಳೂರನ್ನು ಮುಟ್ಟಿದುದು 1907ರಲ್ಲಿ. ಮಳೆಗಾಲದಲ್ಲಿ ಹೊಳೆಗಳು ಉಕ್ಕಿದರೆ ಹಳ್ಳಿಯ ರೋಗಿಗೆ ಪಟ್ಟಣವೂ ದೂರದ ದೇಶವೇ ಆಗಿಬಿಡುತ್ತಿತ್ತು.

ಆ ಕಾಲದ ಮಂಗಳೂರಿನಲ್ಲಿ ಐರೋಪ್ಯರ ಕೆಲಸ ಹಲವು ಬಗೆಯಾಗಿ ನಡೆದಿತ್ತು. ಬಾಸೆಲ್ ಮಿಶನ್ನಿಗೆ ಸೇರಿದ ಜರ್ಮನ್ ವಿದ್ವಾಂಸ ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಇದೇ ಊರಿನಲ್ಲಿ ಅಚ್ಚಾಯಿತು. ಜೆಸ್ವಿಟ್ ಗುರು ಮಫೈ ಅವರ ಕೊಂಕಣಿ ನಿಘಂಟು 1883ರಲ್ಲಿಯೇ ಹೊರಬಂದಿತ್ತು. ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಆರಂಭವಾಯಿತು. ಮುಲ್ಲರ್ ಅವರೂ ಆ ಕಾಲೇಜಿನ ಅಧ್ಯಾಪಕರಾಗಿದ್ದರು. ಒಬ್ಬರು ನಾಡಿನ ಮಾತುಗಳನ್ನು ಆಯ್ದು ಕೂಡಿಸಿದರೆ, ಇನ್ನೊಬ್ಬರು ನಾಡಿನ ಮಕ್ಕಳಿಗೆ ಪಾಠ ಹೇಳಿದರು. ಮುಲ್ಲರ್ ಅವರ ಪಾಲಿಗೆ ಬಂದುದು ಬೇರೊಂದು ಕೆಲಸ. ಅದನ್ನು ಅವರಿಗೆ ಯಾರೂ ವಹಿಸಿರಲಿಲ್ಲ. ರೋಗಿಗಳೇ ಅವರನ್ನು ಹುಡುಕಿಕೊಂಡು ಬಂದು ಅದನ್ನು ಅವರ ಕೈಯಲ್ಲಿಟ್ಟರು.

ಮುಲ್ಲರ್ ಅವರಲ್ಲಿ ಹೋಮಿಯೋಪತಿ ಔಷಧಗಳ ಒಂದು ಸಣ್ಣ ಪೆಟ್ಟಿಗೆ ಇತ್ತು. ಮೊದಲು ಅವರು ಕಾಯಿಲೆ ಬಿದ್ದ ವಿದ್ಯಾರ್ಥಿಗಳಿಗೆ ಅದರಿಂದ ಮದ್ದು ಕೊಡುತ್ತಿದ್ದರು. ಕೇಳಿದವರು ಇನ್ನೊಬ್ಬರಿಗೆ ಹೇಳಿದರು. ಬಂದವರು ಮತ್ತೆ ನಾಲ್ವರನ್ನು ಕರೆತಂದರು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವು ಪ್ರಾರಂಭವಾಯಿತು. ಆರಂಭದ ದಿನಗಳಲ್ಲಿ ಒಂದು ಆಲದ ಮರದ ನೆರಳಿನಲ್ಲಿಯೇ ಮದ್ದನ್ನು ಹಂಚುತ್ತಿದ್ದರೆಂದು ಆ ಸಂಸ್ಥೆಯವರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಆಲದ ಮರಕ್ಕೆ ಗೋಡೆಯಿಲ್ಲ, ಬಾಗಿಲಿಲ್ಲ. ತುಳುವರು, ಕೊಂಕಣಿಗರು, ಬ್ಯಾರಿಗಳು, ಘಟ್ಟದಿಂದ ಇಳಿದು ಬಂದವರು, ಹೀಗೆ ಎಲ್ಲರಿಗೂ ಅದರ ನೆರಳು ಒಂದೇ.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಹೋಮಿಯೋಪತಿಯು ಜರ್ಮನಿಯ ಹಾನೆಮಾನ್ ಎಂಬ ವೈದ್ಯರು 1796ರಲ್ಲಿ ಲೋಕದ ಮುಂದಿಟ್ಟ ಪದ್ಧತಿ. ಮೂಲದ್ರವ್ಯವನ್ನು ಅತಿಯಾಗಿ ತೆಳುಗೊಳಿಸಿ ಮದ್ದು ಮಾಡುವುದು ಅದರ ಕ್ರಮ. ಇಂತಹ ಮದ್ದಿಗೆ ರೋಗವನ್ನು ನೀಗುವ ಶಕ್ತಿಯಿದೆಯೆಂಬುದಕ್ಕೆ ಇಂದಿನ ವಿಜ್ಞಾನಕ್ಕೆ ನಂಬತಕ್ಕ ಪ್ರಮಾಣಗಳು ದೊರೆತಿಲ್ಲ. ಆದರೆ 1880ರಲ್ಲಿ ಇತರ ಪದ್ಧತಿಗಳ ಬತ್ತಳಿಕೆಯಲ್ಲಿಯೂ ಬಾಣಗಳು ಕಡಮೆಯೇ. ರೋಗಾಣುಗಳನ್ನು ಕೊಲ್ಲುವ ಮದ್ದುಗಳು ಇನ್ನೂ ಹುಟ್ಟಿರಲಿಲ್ಲ. ರಕ್ತ ಹರಿಸುವ, ಕಟುವಾದ ಭೇದಿ ಮಾಡಿಸುವ ಚಿಕಿತ್ಸೆಗಳನ್ನು ಜನ ಕಂಡಿದ್ದ ಕಾಲವದು. ಅಂತಹ ದಿನಗಳಲ್ಲಿ ಬಡವನ ಎದುರು ಕುಳಿತು, ಅವನ ಸಂಕಟವನ್ನು ಕೇಳಿ, ಕಾಸು ಬೇಡದೆ ಕಳುಹಿಸುವವರು ಎಷ್ಟು ಮಂದಿ ಇದ್ದರು? ಮುಲ್ಲರ್ ಅವರ ಪೆಟ್ಟಿಗೆಯಲ್ಲಿದ್ದುದಕ್ಕಿಂತ ಅವರ ಮನಸ್ಸಿನಲ್ಲಿದ್ದುದೇ ದೊಡ್ಡದೆಂದು ನಾವು ತಿಳಿಯಬೇಕು.

ಕರುಣೆಯೊಂದರಿಂದಲೇ ಆಸ್ಪತ್ರೆ ನಡೆಯದು. ಅದಕ್ಕೆ ಹಣವೂ ಬೇಕು. ಇದನ್ನು ಮುಲ್ಲರ್ ಅವರು ಚೆನ್ನಾಗಿ ಅರಿತಿದ್ದರು. ಅವರು ಔಷಧಗಳನ್ನು ಕಂಕನಾಡಿಯಿಂದ ಭಾರತದ ನಾನಾ ಭಾಗಗಳಿಗೆ ಕಳುಹಿಸಿ ಮಾರುವ ವ್ಯವಸ್ಥೆಯನ್ನು ಕಟ್ಟಿದರು. ಆ ಮಾರಾಟದಿಂದ ಬಂದ ಹಣವು ಬಡರೋಗಿಗಳ ಸೇವೆಗೆ ಸಲ್ಲತೊಡಗಿತು. ಕೊಳ್ಳಬಲ್ಲವನಿಂದ ಬಂದ ಹಣ, ಕೊಳ್ಳಲಾರದವನ ಹಸಿವನ್ನೂ ನೋವನ್ನೂ ನೀಗಿತು. ದಾನವು ಬಹುಕಾಲ ಬಾಳಬೇಕಾದರೆ ಅದರ ಹಿಂದೆ ಇಂತಹ ಶಿಸ್ತಾದ ದುಡಿಮೆಯಿರಬೇಕೆಂಬುದು ಇಲ್ಲಿ ನಾವು ಕಲಿಯಬಹುದಾದ ನೀತಿ.

ಹತ್ತು ವರ್ಷಗಳು ಕಳೆದುವು. 1890ರಲ್ಲಿ ಮುಲ್ಲರ್ ಅವರು ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯಧಾಮವನ್ನು ತೆರೆದರು. ಇದು ಎಂತಹ ನಿರ್ಧಾರವೆಂಬುದು ತಿಳಿಯಬೇಕಾದರೆ ಆ ರೋಗದ ಸ್ವರೂಪವನ್ನು ಅರಿಯಬೇಕು. ಕುಷ್ಠವು ಪಾಪದ ಫಲವೆಂದೂ, ವಂಶಕ್ಕೆ ತಗಲಿದ ಶಾಪವೆಂದೂ ಜನ ನಂಬಿದ್ದರು. ಅದಕ್ಕೆ ಒಂದು ರೋಗಾಣುವೇ ಕಾರಣವೆಂಬುದನ್ನು ನಾರ್ವೆ ದೇಶದ ಹ್ಯಾನ್ಸೆನ್ ಎಂಬ ವೈದ್ಯರು 1873ರಲ್ಲಿ ಕಂಡುಹಿಡಿದರು. ಈ ರೋಗಾಣುವು ಚರ್ಮವನ್ನೂ ನರಗಳನ್ನೂ ಹಿಡಿಯುತ್ತದೆ. ನರಗಳು ಕೆಟ್ಟರೆ ಕೈಕಾಲುಗಳಿಗೆ ಸ್ಪರ್ಶದ ಅರಿವು ತಪ್ಪುತ್ತದೆ. ಮುಳ್ಳು ಚುಚ್ಚಿದರೂ, ಬೆಂಕಿ ಸುಟ್ಟರೂ ರೋಗಿಗೆ ತಿಳಿಯದು. ಗಾಯವು ಹುಣ್ಣಾಗಿ, ಹುಣ್ಣು ಬೆಳೆದು ಬೆರಳುಗಳು ಊನಗೊಳ್ಳುತ್ತವೆ. ಆಗ ಅದಕ್ಕೆ ನಿಶ್ಚಿತವಾದ ಚಿಕಿತ್ಸೆ ಇರಲಿಲ್ಲ. ಮನೆಯವರು ಹೊರಗಟ್ಟಿದ, ಊರವರು ದೂರವಿಟ್ಟ ರೋಗಿಗೆ ಬೀದಿಯೇ ಗತಿಯಾಗಿತ್ತು.

ಹವಾಯಿಯ ಮೊಲೊಕಾಯ್ ದ್ವೀಪದಲ್ಲಿ ಕುಷ್ಠರೋಗಿಗಳ ನಡುವೆ ಹದಿನಾರು ವರ್ಷ ಬಾಳಿದ ಬೆಲ್ಜಿಯಮ್ಮಿನ ಗುರು ಡೇಮಿಯನ್ ಅವರು ಅದೇ ರೋಗದಿಂದ 1889ರಲ್ಲಿ ತೀರಿಕೊಂಡರು. ಅದರ ಮರುವರ್ಷವೇ ಕಂಕನಾಡಿಯ ಆಶ್ರಯಧಾಮ ತೆರೆಯಿತು. ಯೇಸುವು ಕುಷ್ಠರೋಗಿಯನ್ನು ಕೈನೀಡಿ ಮುಟ್ಟಿದ ಪ್ರಸಂಗ ಬೈಬಲಿನಲ್ಲಿದೆ; ಆ ಧರ್ಮದ ಗುರುಗಳಿಗೆ ಅದು ಕೇವಲ ಓದುವ ಕಥೆಯಾಗಿರಲಿಲ್ಲ. ಇಂತಹ ಧಾಮದಲ್ಲಿ ಆ ದಿನಗಳಲ್ಲಿ ಮಾಡಬಹುದಾಗಿದ್ದುದು ಸ್ವಲ್ಪವೇ: ಹುಣ್ಣನ್ನು ತೊಳೆದು ಪಟ್ಟಿ ಕಟ್ಟುವುದು, ಹೊತ್ತಿಗೆ ಊಟವಿಕ್ಕುವುದು, ಮಲಗಲು ಸೂರನ್ನು ಕೊಡುವುದು, ಹೆಸರು ಹಿಡಿದು ಕರೆದು ಮಾತನಾಡಿಸುವುದು. ರೋಗವನ್ನು ನೀಗಲು ಇವು ಸಾಲವು. ಆದರೆ ತನ್ನ ಹೆಸರನ್ನೇ ಜನ ಮರೆತರೆಂದು ಕೊರಗುವವನಿಗೆ, ಹೆಸರು ಹಿಡಿದು ಕರೆಯುವ ಒಂದು ದನಿಯ ಬೆಲೆ ಎಷ್ಟೆಂದು ಹೇಳಲಾದೀತೆ? ಔಷಧವಿಲ್ಲದೆಡೆಯಲ್ಲಿ ಅಭಯವನ್ನು ಕೊಡುವುದೆಂದರೆ ಇದೇ.

1895ರಲ್ಲಿ ಕಂಕನಾಡಿಯಲ್ಲಿ ಸಾಮಾನ್ಯ ರೋಗಿಗಳಿಗಾಗಿ ಆಸ್ಪತ್ರೆಯು ಬೆಳೆದು ನಿಂತಿತು. ಅಷ್ಟರಲ್ಲಿ ದೇಶದ ಮೇಲೆ ಇನ್ನೊಂದು ವಿಪತ್ತು ಎರಗಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮಾರಿಯು 1898ರಲ್ಲಿ ಬೆಂಗಳೂರನ್ನು ಹೊಕ್ಕಿತು. ಇಲಿಗಳ ಮೈಮೇಲಿನ ಚಿಗಟಗಳಿಂದ ಅದು ಮನುಷ್ಯರಿಗೆ ಹರಡುತ್ತದೆಂಬುದು ಆಗಿನ್ನೂ ಎಲ್ಲರಿಗೂ ಮನವರಿಕೆಯಾಗಿರಲಿಲ್ಲ. ತಕ್ಕ ಚಿಕಿತ್ಸೆಯಿಲ್ಲದಿದ್ದರೆ ಗಡ್ಡೆಯ ಪ್ಲೇಗು ಹಿಡಿದ ನೂರು ಮಂದಿಯಲ್ಲಿ 30ರಿಂದ 60 ಮಂದಿ ಸಾಯುತ್ತಾರೆ. ಸರಕಾರವು ಮನೆಗಳನ್ನು ಶೋಧಿಸಿ, ರೋಗಿಗಳನ್ನು ಬಲವಂತದಿಂದ ಒಯ್ಯತೊಡಗಿದಾಗ ಜನರು ರೊಚ್ಚಿಗೆದ್ದರು. 1897ರಲ್ಲಿ ಪುಣೆಯ ಪ್ಲೇಗ್ ಅಧಿಕಾರಿ ರ್‍ಯಾಂಡನನ್ನು ಚಾಪೇಕರ್ ಸಹೋದರರು ಕೊಂದುದು ಈ ಕೋಪದಿಂದಲೇ. ಪ್ಲೇಗಿನ ಆಸ್ಪತ್ರೆಯೆಂದರೆ ಹಿಂದಿರುಗಿ ಬಾರದ ಸ್ಥಳವೆಂದು ಹೆದರಿ, ಮನೆಯವರು ರೋಗಿಗಳನ್ನು ಬಚ್ಚಿಡುತ್ತಿದ್ದರು.

1902ರಲ್ಲಿ ಪ್ಲೇಗು ಮಂಗಳೂರಿಗೂ ಬಂದಿತು. ಆ ವರ್ಷವೇ ಮುಲ್ಲರ್ ಅವರು ಪ್ಲೇಗು ರೋಗಿಗಳಿಗಾಗಿ ಪ್ರತ್ಯೇಕವಾದ ಆಸ್ಪತ್ರೆಯನ್ನು ಏರ್ಪಡಿಸಿದರು. ಇಪ್ಪತ್ತೆರಡು ವರ್ಷ ಮದ್ದು ಪಡೆದು ಪರಿಚಿತವಾಗಿದ್ದ ಕೈಗಳೇ ಅಲ್ಲಿಯೂ ಇದ್ದುವು. ಭಯದ ದಿನಗಳಲ್ಲಿ ಜನರ ವಿಶ್ವಾಸವನ್ನು ಕಾಯಿದೆಯಿಂದ ಗಳಿಸಲಾಗದು. ಅದಕ್ಕೆ ಹಿಂದಿನ ದಿನಗಳ ನಡತೆಯೇ ಬಂಡವಾಳ. ಕುಷ್ಠಕ್ಕೊಂದು ಸೂರು, ಪ್ಲೇಗಿಗೊಂದು ಸೂರು: ಜನರು ಯಾವುದನ್ನು ಕಂಡು ಓಡುತ್ತಿದ್ದರೋ ಅದರ ಕಡೆಗೇ ಈ ಸಂಸ್ಥೆ ಹೆಜ್ಜೆಯಿಟ್ಟಿತು.

1907ರಲ್ಲಿ ಸರಕಾರವು ಮುಲ್ಲರ್ ಅವರಿಗೆ ಕೈಸರ್-ಇ-ಹಿಂದ್ ಪದಕವನ್ನಿತ್ತು ಗೌರವಿಸಿತು. 1910ರ ನವೆಂಬರ್ 1ರಂದು ಅವರು ಮಂಗಳೂರಿನಲ್ಲಿಯೇ ಕೊನೆಯುಸಿರೆಳೆದರು. ಹುಟ್ಟೂರನ್ನು ಬಿಟ್ಟು ಬಂದು ಮೂವತ್ತೊಂದು ವರ್ಷಕ್ಕೂ ಮಿಗಿಲಾಗಿ ಅವರು ಈ ಊರಿನ ನೀರು ಕುಡಿದು, ಈ ಊರಿನ ಜನಕ್ಕಾಗಿ ದುಡಿದಿದ್ದರು.

ಎಷ್ಟೋ ಒಳ್ಳೆಯ ಕಾರ್ಯಗಳು ಆರಂಭಿಸಿದವರೊಡನೆಯೇ ಮುಗಿದುಹೋಗುತ್ತವೆ. ಕಂಕನಾಡಿಯಲ್ಲಿ ಹಾಗಾಗಲಿಲ್ಲ. ಧರ್ಮಗುರುಗಳು ಆಡಳಿತವನ್ನು ಮುಂದುವರಿಸಿದರು. ಧರ್ಮಭಗಿನಿಯರು ರೋಗಿಗಳ ಶುಶ್ರೂಷೆಗೆ ನಿಂತರು. ನಾನಾ ಮತಗಳ ವೈದ್ಯರೂ ದಾದಿಯರೂ ಅಲ್ಲಿ ದುಡಿದರು. ಹೋಮಿಯೋಪತಿಯ ಪೆಟ್ಟಿಗೆಯಿಂದ ಆರಂಭವಾದ ಸಂಸ್ಥೆಯು ಆಧುನಿಕ ವೈದ್ಯಪದ್ಧತಿಯನ್ನೂ ಶಸ್ತ್ರಚಿಕಿತ್ಸೆಯನ್ನೂ ಬರಮಾಡಿಕೊಂಡಿತು. ದಾದಿಯರ ಶಿಕ್ಷಣ ಶಾಲೆ ಬೆಳೆಯಿತು. 1985ರಲ್ಲಿ ಹೋಮಿಯೋಪತಿ ಕಾಲೇಜು, 1999ರಲ್ಲಿ ವೈದ್ಯಕೀಯ ಪದವಿಯ ಶಿಕ್ಷಣ ಆರಂಭವಾದುವು. ಇಂದು ಅದು ಸಾವಿರಕ್ಕೂ ಹೆಚ್ಚು ಹಾಸಿಗೆಗಳಿರುವ ಬೃಹತ್ ಆಸ್ಪತ್ರೆ. ಹೀಗೆ ಔಷಧ, ಅಭಯಗಳ ಜೊತೆಗೆ ವಿದ್ಯೆಯೂ ಅಲ್ಲಿ ಸೇರಿಕೊಂಡಿತು.

ಮುಲ್ಲರ್ ಅವರ ಕಾಲದಲ್ಲಿ ಇಲ್ಲದಿದ್ದ ಮದ್ದುಗಳು ಅವರ ನಂತರ ಒಂದೊಂದಾಗಿ ಬಂದುವು. ಪ್ಲೇಗಿಗೆ 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆಯಿತು. ಅದೇ ದಶಕದಲ್ಲಿ ಕುಷ್ಠಕ್ಕೆ ಡ್ಯಾಪ್ಸೋನ್ ವರ್ಗದ ಮದ್ದುಗಳು ಬಳಕೆಗೆ ಬಂದುವು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹಲವು ಮದ್ದುಗಳನ್ನು ಕೂಡಿಸಿ ಕೊಡುವ ಬಹುಔಷಧ ಚಿಕಿತ್ಸೆಯನ್ನು ಸೂಚಿಸಿತು. ಆರು ತಿಂಗಳು ಅಥವಾ ಒಂದು ವರ್ಷ ಇದನ್ನು ತಪ್ಪದೆ ತೆಗೆದುಕೊಂಡರೆ ಕುಷ್ಠವು ಪೂರ್ಣವಾಗಿ ಗುಣವಾಗುತ್ತದೆ. ಈ ಚಿಕಿತ್ಸೆ ಉಚಿತವಾಗಿಯೇ ದೊರೆಯುತ್ತದೆ. ಮನುಷ್ಯರಲ್ಲಿ ಬಹುಪಾಲು ಜನರಿಗೆ ಈ ರೋಗವನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇದೆ. ಚಿಕಿತ್ಸೆ ಆರಂಭವಾದೊಡನೆ ರೋಗಿಯಿಂದ ಅದು ಹರಡುವ ಭಯವೂ ಬಲುಮಟ್ಟಿಗೆ ನೀಗುತ್ತದೆ.

ಹೀಗೆ ಔಷಧವು ಬಂದಿತು. ಅಭಯವು ಬಂದಿತೇ? 1898ರಲ್ಲಿ ಬ್ರಿಟಿಷ್ ಸರಕಾರವು ಮಾಡಿದ ಕಾಯಿದೆಯೊಂದು ಬಡ ಕುಷ್ಠರೋಗಿಗಳನ್ನು ಹಿಡಿದು ಪ್ರತ್ಯೇಕವಾಗಿಡಲು ಅಧಿಕಾರ ಕೊಟ್ಟಿತ್ತು. ರೋಗಕ್ಕೆ ಮದ್ದು ದೊರೆತು ದಶಕಗಳು ಕಳೆದರೂ ಆ ಕಾಯಿದೆ ರದ್ದಾದುದು 2016ರಲ್ಲಿ. ಕುಷ್ಠವನ್ನು ಮುಂದಿಟ್ಟು ವಿವಾಹ ವಿಚ್ಛೇದನ ಕೇಳಬಹುದೆಂಬ ನಿಯಮವನ್ನು ಸಂಸತ್ತು ತೆಗೆದುಹಾಕಿದುದು 2019ರಲ್ಲಿ. ಕಾಯಿದೆಯ ಪುಸ್ತಕದಿಂದ ಒಂದು ಸಾಲನ್ನು ಅಳಿಸಲು ಇಷ್ಟು ಕಾಲ ಹಿಡಿದರೆ, ಜನರ ಮನಸ್ಸಿನಿಂದ ಅಳಿಸಲು ಇನ್ನೆಷ್ಟು ಕಾಲ ಬೇಕು! ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಕಂಡರೂ, ನೆರೆಯವರು ಏನೆಂದಾರೋ ಎಂದು ಅಂಜಿ ಅದನ್ನು ಮುಚ್ಚಿಡುವವರು ಇಂದಿಗೂ ಇದ್ದಾರೆ. ಮುಚ್ಚಿಟ್ಟಷ್ಟೂ ನರಗಳು ಕೆಡುತ್ತವೆ. ಬೇಗ ಬಂದಿದ್ದರೆ ಉಳಿಯಬಹುದಾಗಿದ್ದ ಕೈ ಊನವಾಗುತ್ತದೆ. ಮದ್ದು ಕೈಯಲ್ಲಿದ್ದೂ ಮನುಷ್ಯನು ನರಳುವುದು ಹೀಗೆ.

ಆದುದರಿಂದ ಕಂಕನಾಡಿಯ ಕಥೆಯನ್ನು ಮುಗಿದುಹೋದ ಚರಿತ್ರೆಯೆಂದು ನಾವು ಭಾವಿಸಬಾರದು. ನೊಂದವರನ್ನು ಗುಣಪಡಿಸಿರಿ, ಸಂತೈಸಿರಿ ಎಂಬ ಅರ್ಥದ ಧ್ಯೇಯವಾಕ್ಯವನ್ನು ಆ ಸಂಸ್ಥೆ ಇರಿಸಿಕೊಂಡಿದೆ. ಇವುಗಳಲ್ಲಿ ಮೊದಲನೆಯದು ವೈದ್ಯರ ಕೆಲಸ. ಅದಕ್ಕೆ ದೀರ್ಘಕಾಲದ ವ್ಯಾಸಂಗ ಬೇಕು. ಎರಡನೆಯದಕ್ಕೆ ಯಾವ ಪದವಿಯೂ ಬೇಕಿಲ್ಲ. ಕಾಯಿಲೆಯಿಂದ ಎದ್ದು ಬಂದ ಸಹಪಾಠಿಯ ಪಕ್ಕದಲ್ಲಿ ಹಿಂಜರಿಯದೆ ಕುಳಿತುಕೊಳ್ಳುವ ಹುಡುಗನೂ, ಮಚ್ಚೆಯನ್ನು ಮರೆಸುತ್ತಿರುವ ನೆರೆಯಾಕೆಗೆ ಧೈರ್ಯ ಹೇಳಿ ಆರೋಗ್ಯ ಕೇಂದ್ರಕ್ಕೆ ಜೊತೆಯಾಗಿ ಹೋಗುವ ಹುಡುಗಿಯೂ ಅದನ್ನು ಮಾಡಬಲ್ಲರು. ಅಷ್ಟನ್ನು ಮಾಡಿದವರೆಲ್ಲರೂ ಆ ಆಲದ ಮರಕ್ಕೆ ಒಂದೊಂದು ಬಿಳಲಾಗುತ್ತಾರೆ.